ಅಕ್ಕನ ಹನ್ನೊಂದು ನಿಮಿಷ

ಕೇಳುವುದರಲ್ಲಿ ನನಗೆ ತಾಳ್ಮೆಯಿದೆ, ಮಾಡುವುದರಲ್ಲಿ ಇಲ್ಲ. ಚಿಕ್ಕಂದಿನಲ್ಲಿ ಅಪ್ಪ ಸಂಜೆ ಹೊತ್ತು ಪದ್ಯ ಓದಲು ಕೂತರೆ ನಾನು ಗೋಡೆಗೆ ಒರಗಿ, ಎಷ್ಟು ಹೊತ್ತಾದರೂ ಅಲುಗಾಡದೆ ಕೇಳುತ್ತಿದ್ದೆ. ಅದೇ ಅಪ್ಪ ಪುಸ್ತಕ ಮುಚ್ಚಿ, ಒಂದು ಲೋಟ ನೀರು ತಾರೋ ಎಂದರೆ ಓಡಿಹೋಗಿ, ಅರ್ಧ ನೀರು ದಾರಿಯಲ್ಲಿ ಚೆಲ್ಲಿ, ಉಳಿದರ್ಧ ತಂದುಕೊಡುತ್ತಿದ್ದೆ. ಅಪ್ಪ ಬೈಯದೆ ಕುಡಿಯುತ್ತಿದ್ದರು. ಹಿಂದಿನಿಂದ ಅಕ್ಕ ಬಟ್ಟೆ ತಂದು ನೆಲ ಒರೆಸುತ್ತಿದ್ದಳು.

ನನಗೀಗ ನಲವತ್ಮೂರು. ಒರೆಸುವ ಕೆಲಸವನ್ನು ಅಕ್ಕ ಇನ್ನೂ ಬಿಟ್ಟಿಲ್ಲ. ನಾನು ಮೂರು ಕೆಲಸಗಳನ್ನು ದುಡುಕಿ ಬಿಟ್ಟೆ, ಒಂದು ಮದುವೆಯನ್ನು ದುಡುಕಿ ಮುರಿದುಕೊಂಡೆ. ಪ್ರತಿ ಸಲವೂ ಅಕ್ಕ ನನ್ನ ಪರವಾಗಿ ಯಾರದೋ ಮುಂದೆ ಹೋಗಿ ಕೂತು, ತಲೆ ತಗ್ಗಿಸಿ ಮಾತಾಡಿ ಬಂದಳು. ಈಗ ನಾನಿರುವುದು ಒಂದು ಬೈಂಡಿಂಗ್ ಅಂಗಡಿಯಲ್ಲಿ. ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತೇನೆ. ಅಲ್ಲಿಯೂ ಗೋಂದು ಆರುವ ಮೊದಲೇ ಅಂಚು ಕತ್ತರಿಸಲು ಹೋಗಿ ಹಾಳೆಗಳನ್ನೆಲ್ಲ ಉದುರಿಸಿದ್ದುಂಟು. ಪುಸ್ತಕಗಳನ್ನು ಒತ್ತಿಡುವ ಯಂತ್ರದ ಮೇಲೆ ಮಾಲೀಕರು ‘ಈಗಲೇ ಬಿಚ್ಚಬೇಡ’ ಎಂದು ಚೀಟಿ ಅಂಟಿಸಿದ್ದಾರೆ. ಅಂಗಡಿಯಲ್ಲಿರುವುದು ನಾವು ಐದು ಜನ. ಆದರೂ ಅದು ಯಾರಿಗೆ ಬರೆದದ್ದೆಂದು ಯಾರೂ ಕೇಳಿಲ್ಲ.

ಚೆಸ್ ಕಲಿಯಲು ನನ್ನನ್ನು ಎಳೆದೊಯ್ದವಳೂ ಅಕ್ಕನೇ. ಅವಳು ಆಸ್ಪತ್ರೆಯಲ್ಲಿ ನರ್ಸ್, ಇಪ್ಪತ್ತಾರು ವರ್ಷದ ಸರ್ವಿಸು. ಗ್ರಂಥಾಲಯದ ಮಹಡಿಯ ಮೇಲೆ ಶನಿವಾರ ಮಧ್ಯಾಹ್ನ ದೊಡ್ಡವರಿಗೂ ಹೇಳಿಕೊಡುತ್ತಾರಂತೆ, ನೀನು ಒಂದು ಕಡೆ ಕೂರುವುದನ್ನಾದರೂ ಕಲಿ ಎಂದಳು. ಬಂದಮೇಲೆ ನನಗಿಂತ ಹೆಚ್ಚು ಮನಸ್ಸಿಟ್ಟು ಕಲಿತವಳು ಅವಳೇ.

ಹೇಳಿಕೊಡುತ್ತಿದ್ದವರು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತರಾದವರು. ನಾವೆಲ್ಲ ಸಿಗ್ನಲ್ ಮೇಷ್ಟ್ರು ಎನ್ನುತ್ತಿದ್ದೆವು. ಮೊದಲ ದಿನವೇ ನನ್ನ ಆಟ ನೋಡಿ ನನಗೆ ಎಕ್ಸ್‌ಪ್ರೆಸ್ಸು ಎಂದು ಹೆಸರಿಟ್ಟರು. ಒಬ್ಬೊಬ್ಬರಿಗೆ ನಲವತ್ತೈದು ನಿಮಿಷದ ಆಟ. ನಾನು ಆರು ನಿಮಿಷದಲ್ಲಿ ರಾಣಿಯನ್ನು ಕಳೆದುಕೊಂಡು, ಎಂಟನೇ ನಿಮಿಷಕ್ಕೆ ರಾಜನನ್ನೂ ಒಪ್ಪಿಸಿ ಎದ್ದಿದ್ದೆ. ಮೇಷ್ಟ್ರು ಗಡಿಯಾರವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. “ನಲವತ್ತೈದು ನಿಮಿಷ ಕೊಟ್ಟಿರೋದು ಇಲ್ಲೇ ಖರ್ಚು ಮಾಡೋಕೆ. ಉಳಿದಿದ್ದನ್ನ ಮನೆಗೆ ಕಟ್ಟಿ ಕಳಿಸೋಕೆ ನಮ್ಮಲ್ಲಿ ಡಬ್ಬಿ ಇಲ್ಲ.”

ಅವರು ಹೇಳಿಕೊಟ್ಟದ್ದು ಸಣ್ಣ ಸಣ್ಣ ವಿಷಯಗಳು. ಎದುರಿನವರು ಆಡಿದ ಕೂಡಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಬೇಕು. ಅವರ ಕಾಯಿ ಈಗ ಎಲ್ಲೆಲ್ಲಿಗೆ ಗುರಿ ಇಟ್ಟಿದೆ ಎಂದು ಮೊದಲು ನೋಡಬೇಕು. ಆಡಬೇಕೆಂದುಕೊಂಡದ್ದನ್ನು ಮನಸ್ಸಿನಲ್ಲಿ ಒಮ್ಮೆ ಆಡಿ, ಅಲ್ಲಿಂದ ವಾಪಸು ಬಂದು, ಆಮೇಲೆ ಕೈ ತೆಗೆಯಬೇಕು. ಎದುರಿನವರ ಸರದಿಯಿದ್ದಾಗ ಗಡಿಯಾರ ನೋಡುತ್ತ ಕೂರಬಾರದು, ಹಲಗೆ ನೋಡಬೇಕು. ಕಾಯಿ ನಡೆಸಿ, ತನ್ನ ಹೊತ್ತು ನಿಂತು ಎದುರಿನವರದು ಓಡಲೆಂದು ಗಡಿಯಾರ ಒತ್ತಿ, ಆಮೇಲೆ ನಡೆಯನ್ನು ಹಾಳೆಯಲ್ಲಿ ಬರೆಯಬೇಕು.

ಈ ಕೊನೆಯದೇ ಅಕ್ಕನಿಗೆ ಬರುತ್ತಿರಲಿಲ್ಲ. ವಾರ್ಡಿನಲ್ಲಿ ಮಾತ್ರೆ ಕೊಟ್ಟ ಕೂಡಲೇ, ಸೂಜಿ ಚುಚ್ಚಿದ ಕೂಡಲೇ, ಬೇರೆ ಯಾವುದಕ್ಕೂ ಕೈ ಹಾಕದೆ ಚಾರ್ಟಿನಲ್ಲಿ ಬರೆಯಬೇಕು, ಗಂಟೆ ನಿಮಿಷದ ಸಮೇತ. ಇಪ್ಪತ್ತಾರು ವರ್ಷ ಹಾಗೆ ಬರೆದ ಕೈ ಕಾಯಿ ನಡೆಸಿದ್ದೇ ಪೆನ್ನು ಹಿಡಿಯುತ್ತಿತ್ತು. ನಡೆ ಬರೆದು, ಪಕ್ಕದಲ್ಲಿ ಗೋಡೆ ಗಡಿಯಾರ ನೋಡಿ ಹೊತ್ತು ಬರೆದು, ಪೆನ್ನು ಕೆಳಗಿಟ್ಟು, ಎಲ್ಲ ಮುಗಿಯಿತೆಂಬ ಸಮಾಧಾನದಲ್ಲಿ ಕೂರುತ್ತಿದ್ದಳು. ಒತ್ತದೆ ಬಿಟ್ಟ ಗಡಿಯಾರದಲ್ಲಿ ಅವಳ ಹೊತ್ತೇ ಹೋಗುತ್ತಿರುತ್ತಿತ್ತು. ಅವಳ ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ಅಭ್ಯಾಸ ಮಾಡುವಾಗ ಆಟಕ್ಕೆ ನಾಲ್ಕೈದು ಸಲವಾದರೂ ಹೀಗಾಗುತ್ತಿತ್ತು. ನಾನು ಅಕ್ಕಾ ಒತ್ತು ಎನ್ನುವುದು, ಅವಳು ಅಯ್ಯೋ ಹೌದಲ್ಲ ಎಂದು ಒತ್ತುವುದು. ಶಾಲಾ ಬಸ್ಸು ಓಡಿಸುವ ಭಾವ ಪಕ್ಕದ ಕೋಣೆಯಿಂದ, ಇವಳಿಗೆ ಬ್ರೇಕಿದೆ, ನಿನಗೆ ಆಕ್ಸಿಲರೇಟರಿದೆ, ಇಬ್ಬರನ್ನೂ ಸೇರಿಸಿದರೆ ಒಂದು ಗಾಡಿಯಾಗುತ್ತೆ ಎಂದು ನಗುತ್ತಿದ್ದರು.

ಬೇರೆ ಬೇರೆ ಊರಿನ ಸಂಘಗಳ ನಡುವೆ ವರ್ಷಕ್ಕೊಮ್ಮೆ ಪಂದ್ಯ ನಡೆಯುತ್ತದೆ. ನಾಲ್ಕು ಜನರ ತಂಡ. ನಾಲ್ಕನೇ ಹಲಗೆಗೆ ಕೂರುವವರು ಅದೇ ವರ್ಷ ಕಲಿಯಲು ತೊಡಗಿದವರಾಗಿರಬೇಕು. ಹೊಸಬರಲ್ಲೇ ಒಂದು ಸುತ್ತು ಆಡಿಸಿ ಗೆದ್ದವರನ್ನು ಕಳಿಸುತ್ತೇನೆಂದು ಮೇಷ್ಟ್ರು ಹೇಳಿದರು. ಅಕ್ಕನಿಗೆ ಆ ಕುರ್ಚಿಯ ಮೇಲೆ ಆಸೆಯಿತ್ತು. ಭಾವನಿಗೆ ಹೇಳಿರಲಿಲ್ಲ, ನನಗೆ ಹೇಳಿದ್ದಳು. ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟರ್ ಅನ್ನುತ್ತಾರೆ, ಮನೆಯಲ್ಲಿ ಅಮ್ಮ, ಅಕ್ಕ. ಒಂದು ಸಲವಾದರೂ ನನ್ನ ಬಗ್ಗೆ ಏನೂ ಗೊತ್ತಿಲ್ಲದವರ ಎದುರು ಕೂತು ಬರೀ ನನ್ನ ಆಟ ಆಡಬೇಕು ಎಂದಿದ್ದಳು.

ನನಗೂ ಆಸೆಯಿತ್ತು. ಎಕ್ಸ್‌ಪ್ರೆಸ್ಸು ಎಂದವರ ಬಾಯಿಂದಲೇ ಇವನೂ ಕೂತು ಆಡಬಲ್ಲ ಎನ್ನಿಸಬೇಕಿತ್ತು.

ಕೊನೆಯ ಆಟ ನಮ್ಮಿಬ್ಬರ ನಡುವೆಯೇ ಬಿತ್ತು. ಇಬ್ಬರದೂ ಸಮ ಅಂಕ, ಗೆದ್ದವರು ತಂಡಕ್ಕೆ. ಕುರ್ಚಿಯಲ್ಲಿ ಕೂರುವ ಮೊದಲು ಅಕ್ಕ ನನ್ನ ಅಂಗಿಯ ಕಾಲರು ಸರಿಮಾಡಿ, ದುಡುಕಬೇಡ, ನಾನು ಕಾಯ್ತೀನಿ ಎಂದಳು.

ಅಂದು ನಾನು ದುಡುಕಲಿಲ್ಲ, ಆದರೂ ಸೋಲುತ್ತಿದ್ದೆ. ಒಂದು ಗಂಟೆ ಕಳೆಯುವ ಹೊತ್ತಿಗೆ ನನ್ನ ರಾಣಿಯಿರಲಿಲ್ಲ, ಎರಡೂ ಆನೆಗಳಿರಲಿಲ್ಲ. ಒಂದು ಕುದುರೆ ಹಲಗೆಯ ಆಚೆ ಮೂಲೆಯಲ್ಲಿ ಕೆಲಸಕ್ಕೆ ಬಾರದೆ ನಿಂತಿತ್ತು. ಅಕ್ಕ ತನ್ನ ಒಂಟೆಯನ್ನು ದೂರದಿಂದ ಓರೆಯಾಗಿ ತಂದು ನನ್ನ ರಾಜನಿಗೆ ಚೆಕ್ ಕೊಟ್ಟಳು. ಕೊಟ್ಟು, ಪೆನ್ನು ತೆಗೆದುಕೊಂಡು ಬರೆದಳು. ಗೋಡೆ ನೋಡಿ ಹೊತ್ತು ಬರೆದಳು. ಪೆನ್ನು ಕೆಳಗಿಟ್ಟಳು.

ಗಡಿಯಾರ ಒತ್ತಲಿಲ್ಲ.

ನಮ್ಮ ಸಂಘದವು ಹಳೆಯ ಮರದ ಗಡಿಯಾರಗಳು, ಒಂದೇ ಪೆಟ್ಟಿಗೆಯಲ್ಲಿ ಎರಡು ಮುಖ. ಮುಳ್ಳು ಹನ್ನೆರಡರ ಹತ್ತಿರ ಬಂದಾಗ ಒಂದು ಪುಟ್ಟ ಕೆಂಪು ಬಾವುಟವನ್ನು ಎತ್ತುತ್ತದೆ. ಹೊತ್ತು ಮುಗಿದೊಡನೆ ಬಾವುಟ ಬೀಳುತ್ತದೆ, ಯಾರದು ಬಿತ್ತೋ ಅವರು ಸೋತಂತೆ. ಅಕ್ಕನ ಕಡೆ ಹನ್ನೊಂದು ನಿಮಿಷ ಉಳಿದಿತ್ತು.

ನಾನು ಹಲಗೆ ನೋಡಿದೆ. ನನ್ನ ರಾಜನಿಗೆ ಹೋಗಲು ಇದ್ದದ್ದು ಒಂದೇ ಮನೆ, ಮೂಲೆಯದು. ಅಲ್ಲಿಗೆ ಹೋದರೆ ಅಕ್ಕನ ಆನೆ ನೆಟ್ಟಗೆ ಕೊನೆಯ ಸಾಲಿಗೆ ಬರುತ್ತದೆ, ಆಟ ಮುಗಿಯುತ್ತದೆ. ಇಷ್ಟು ನನಗೆ ಕಾಣಲು ಅರ್ಧ ನಿಮಿಷ ಸಾಕಾಯಿತು. ಅಕ್ಕಾ ಒತ್ತು ಎಂಬ ಎರಡು ಮಾತು ಗಂಟಲಿನವರೆಗೆ ಬಂದವು. ಎಷ್ಟು ಸಲ ಹೇಳಿ ಸವೆದ ಮಾತು ಅದು. ತಡೆಯಲು ಹಲ್ಲು ಕಚ್ಚಬೇಕಾಯಿತು.

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಹುಬ್ಬು ಗಂಟಿಕ್ಕಿದೆ. ಯೋಚಿಸುವವನ ಹಾಗೆ ಒಮ್ಮೆ ಕುದುರೆಯ ಕಡೆ, ಒಮ್ಮೆ ಕಾಲಾಳುಗಳ ಕಡೆ ಕಣ್ಣು ಓಡಿಸಿದೆ. ಗಡಿಯಾರದ ಸದ್ದು ನನ್ನ ಕಿವಿಗೆ ಚೆನ್ನಾಗಿ ಕೇಳುತ್ತಿತ್ತು. ಕೇಳುವುದರಲ್ಲಿ ನಾನು ಪಳಗಿದವನು. ನನ್ನ ಇಡೀ ಬದುಕಿನಲ್ಲಿ ನಾನು ಅಷ್ಟು ನಿಶ್ಚಲವಾಗಿ ಕೂತು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಕ್ಕ ಗಡಿಯಾರ ನೋಡಲಿಲ್ಲ. ಎದುರಿನವರ ಸರದಿಯಲ್ಲಿ ನೋಡಬಾರದೆಂದು ಮೇಷ್ಟ್ರು ಹೇಳಿದ್ದರಲ್ಲ. ಸ್ವಲ್ಪ ಹೊತ್ತು ಹಲಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ಎತ್ತದಿದ್ದರೂ ಅದು ಗೊತ್ತಾಗುತ್ತಿತ್ತು. ಒಮ್ಮೆ ಮಾತ್ರ ಕಣ್ಣು ಮೇಲಕ್ಕೆ ಹೋಯಿತು. ಅವಳು ನಗುತ್ತಿದ್ದಳು. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿ ನೋಡುವವರ ಮುಖದಲ್ಲಿರುವ ನಗು.

ಬಾವುಟ ಎದ್ದಿತು. ಇನ್ನೂ ಮೂರು ನಿಮಿಷ. ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು. ಒಂದು ನಿಮಿಷದ ಮೌನವನ್ನು ಮುಚ್ಚಲು ಇನ್ನೊಂದು ನಿಮಿಷ, ಅದನ್ನು ಮುಚ್ಚಲು ಮತ್ತೊಂದು. ಬಾವುಟ ಬಿತ್ತು. ನಾನು ಕೈ ಎತ್ತಿ ಮೇಷ್ಟ್ರನ್ನು ಕರೆದೆ.

ಅಕ್ಕ ಗಡಿಯಾರ ನೋಡಿ, ಹಣೆಗೆ ಕೈ ಹಚ್ಚಿಕೊಂಡು ನಕ್ಕುಬಿಟ್ಟಳು. ಒತ್ತುವುದನ್ನೇ ಮರೆತೆನಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀನು ಅಷ್ಟು ಯೋಚನೆಯಲ್ಲಿ ಮುಳುಗಿದ್ದೆ, ನಿನಗಾದರೂ ಹೇಗೆ ಗೊತ್ತಾಗಬೇಕು ಬಿಡು” ಎಂದಳು.

ನಾನು ಕೇಳದೆಯೇ ಅವಳು ಕೊಟ್ಟ ನೆಪ ಅದು. ನಾನು ಹೂಂ ಎಂದೆ. ಸುಮ್ಮನಿದ್ದದ್ದಕ್ಕಿಂತ ಆ ಹೂಂ ಹೆಚ್ಚು ಹೊಲಸು. ಮೇಷ್ಟ್ರು ಇಬ್ಬರ ಸಹಿ ಹಾಕಿಸಿಕೊಂಡರು. ತಮಾಷೆಯ ಮಾತಿಲ್ಲದೆ ಅವರು ಸಹಿ ಹಾಕಿಸಿಕೊಂಡದ್ದು ಅದೇ ಮೊದಲು. ಅದನ್ನು ಆಗ ನಾನು ಗಮನಿಸಲಿಲ್ಲ.

ಆಮೇಲಿನ ಒಂದು ವಾರ ಹೊಗಳಿಕೆಯ ವಾರ. ತಾನು ಸೋತದ್ದರ ಬಗ್ಗೆ ಅಕ್ಕ ಒಂದು ಮಾತು ಆಡಲಿಲ್ಲ. ತಮ್ಮ ಹನ್ನೊಂದು ನಿಮಿಷ ಅಲ್ಲಾಡದೆ ಕೂತ ಎಂಬುದನ್ನು ಭಾವನಿಗೆ ಹೇಳಿದಳು, ವಾರ್ಡಿನ ಸಿಸ್ಟರುಗಳಿಗೆ ಹೇಳಿದಳು, ಬೈಂಡಿಂಗ್ ಅಂಗಡಿಗೆ ಬಂದು ನನ್ನ ಮಾಲೀಕರಿಗೂ ಹೇಳಿದಳು. ಭಾವ ಮಾತ್ರ ನಂಬಲಿಲ್ಲ. ಕಾಲು ಮರಗಟ್ಟಿ ಏಳೋಕಾಗದೆ ಕೂತಿರ್ತಾನೆ ಎಂದರು. ಮಾಲೀಕರು ಹೋಗಿ ಯಂತ್ರದ ಮೇಲಿನ ಚೀಟಿ ಕಿತ್ತರು. ಕಿತ್ತ ಜಾಗದಲ್ಲಿ ಗೋಂದಿನ ಕಲೆ ಉಳಿದಿತ್ತು. ಅವರು ಅತ್ತ ಹೋದಮೇಲೆ ನಾನು ಒದ್ದೆ ಬಟ್ಟೆಯಿಂದ ಅದನ್ನು ಉಜ್ಜಿದೆ, ಹೋಗಲಿಲ್ಲ.

ಬೆಳಿಗ್ಗೆ ದೇವರ ಮುಂದೆ ಕೂತು ಅಪ್ಪನಿಂದ ಕೇಳಿ ಕಲಿತ ನಾಲ್ಕು ಸಾಲು ಹೇಳುವುದು ನನ್ನ ರೂಢಿ. ಆ ವಾರ ಎರಡನೇ ಸಾಲಿಗೆ ನಿಲ್ಲುತ್ತಿತ್ತು. ಮರೆತಿರಲಿಲ್ಲ, ದನಿ ಏಳುತ್ತಿರಲಿಲ್ಲ. ಅಪ್ಪ ಪದ್ಯ ಓದುವಾಗ ತಪ್ಪು ಮಾಡಿದವನ ಭಾಗ ಬಂದರೆ ದನಿ ತಗ್ಗಿಸಿ ಓದುತ್ತಿದ್ದರು, ಪಕ್ಕದ ಕೋಣೆಯಲ್ಲಿ ಅವನೇ ಮಲಗಿದ್ದಾನೆ, ಕೇಳಿಸಿಕೊಂಡರೆ ನೊಂದುಕೊಂಡಾನು ಎಂಬಂತೆ. ಆ ತಗ್ಗಿದ ದನಿ ಯಾರಿಗಾಗಿ ಎಂದು ಚಿಕ್ಕಂದಿನಲ್ಲಿ ನನಗೆ ತಿಳಿಯುತ್ತಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕ ಮನೆಗೆ ಕರೆದಳು. ಅಡುಗೆಮನೆಯ ಮೇಜಿನ ಮೇಲೆ ಹಲಗೆ ಹಾಸಿ ಕಾಯಿ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಆ ದಿನದ ಹಾಳೆ. ಒಂದೊಂದೇ ನಡೆ ಓದಿ, ಆಡಿ, ಕೊನೆಯ ಸಾಲಿಗೆ ಬಂದಳು. ಒಂಟೆ, ಚೆಕ್, ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷ.

“ಬಾ, ಕೂತ್ಕೊ. ಇಲ್ಲಿ ನೀನು ಹನ್ನೊಂದು ನಿಮಿಷ ಏನೇನು ಯೋಚನೆ ಮಾಡಿದೆ, ನನಗೂ ಹೇಳಿಕೊಡು. ನನಗೆ ಹೀಗೆ ಕೂರೋಕೆ ಬರಲ್ಲ ಕಣೋ, ಎರಡು ನಿಮಿಷಕ್ಕೆ ತಲೆ ಖಾಲಿಯಾಗುತ್ತೆ.”

ನಾನು ಬೇಡ ಬಿಡು ಎಂದೆ. ನೆನಪಿಲ್ಲ ಎಂದೆ. ಸಂಕೋಚ ಪಡುತ್ತಿದ್ದಾನೆ ಎಂದುಕೊಂಡಳೋ ಏನೋ, ತಾನೇ ಶುರು ಮಾಡಿದಳು. ರಾಜನ ಸುತ್ತಲಿನ ಒಂದೊಂದು ಮನೆಯ ಮೇಲೂ ಬೆರಳಿಟ್ಟಳು. ಇಲ್ಲಿ ನಿನ್ನದೇ ಕಾಲಾಳು. ಇಲ್ಲೂ ಕಾಲಾಳು. ಈ ಮನೆಯನ್ನ ನನ್ನ ಆನೆ ಕಾಯ್ತಿದೆ, ಬರೋ ಹಾಗಿಲ್ಲ. ಇಲ್ಲಿ ಒಂಟೆ ಹಿಡಿಯುತ್ತೆ. ನಡುವೆ ಅಡ್ಡ ಹಾಕೋಕೆ ಕುದುರೆ ಬರುತ್ತಾ? ಎಣಿಸಿ ನೋಡಿ, ಬರಲ್ಲ ಎಂದಳು. ಬೆರಳು ಮೂಲೆಯ ಮನೆಯ ಮೇಲೆ ನಿಂತಿತು.

“ಇದೊಂದೇ ಅಲ್ವಾ?”

ಅವಳು ರಾಜನನ್ನು ಮೂಲೆಗೆ ಸರಿಸಿದಳು. ತನ್ನ ಆನೆಯನ್ನು ಎತ್ತಿ ಕೊನೆಯ ಸಾಲಿಗೆ ತಂದಳು. ನೋಡಿದಳು. ನಾನು ಗೆದ್ದಿದ್ದೆನಲ್ಲೋ ಎಂದು ಚಿಕ್ಕ ಹುಡುಗಿಯ ಹಾಗೆ ಮುಖ ಅರಳಿಸಿದಳು. ಆ ಅರಳಿದ ಮುಖದಲ್ಲೇ ನನ್ನನ್ನು ನೋಡಿದಳು. ಮತ್ತೆ ಹಲಗೆ ನೋಡಿದಳು. ಇದ್ದದ್ದು ಒಂದೇ ನಡೆ, ಹನ್ನೊಂದು ನಿಮಿಷ. ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

“ನೋಡಿದ್ದೆ ಅಕ್ಕ,” ಎಂದೆ. “ನೀನು ಒತ್ತದೆ ಇದ್ದದ್ದನ್ನ ಆವಾಗಲೇ ನೋಡಿದ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಇರುತ್ತಿತ್ತು. ಹಲಗೆಯನ್ನೇ ನೋಡುತ್ತ ಹೇಳಿದಳು: “ನಾನು ನಿನ್ನ ಮುಖ ನೋಡ್ತಾ ಕೂತಿದ್ದೆ ಕಣೋ. ಅಪ್ಪ ಇದ್ದಿದ್ದರೆ ಅಂದ್ಕೊಂಡೆ.”

ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಭಾವನಿಗೆ ನಾನೇನೂ ಹೇಳಲ್ಲ ಎಂದಳು. ವಾರ್ಡಿನವರು ಕೇಳಿದರೆ ಏನು ಹೇಳುತ್ತಾಳೆಂದು ನಾನು ಕೇಳಲಿಲ್ಲ. ನನ್ನ ಸುಳ್ಳನ್ನು ಇನ್ನು ಮೇಲೆ ಅವಳೂ ಹೊರಬೇಕು, ಅಷ್ಟೇ ಅರ್ಥವಾಯಿತು.

ಅಲ್ಲಿಂದ ನೇರವಾಗಿ ಮೇಷ್ಟ್ರ ಮನೆಗೆ ನಡೆದೆ. ಅವರು ಹೊರಗಿನ ಮೆಟ್ಟಿಲ ಮೇಲೆ ಕೂತು ಒಂದು ಗಡಿಯಾರದ ಹಿಂಬದಿ ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೇಳಿ ಮುಗಿದಮೇಲೆ, ತಾವು ಕಿಟಕಿಯ ಹತ್ತಿರದಿಂದ ಕೊನೆಯ ನಾಲ್ಕು ನಿಮಿಷ ನೋಡಿದ್ದಾಗಿ ಹೇಳಿದರು. ಒತ್ತಿಲ್ಲವೆಂದು ಎದುರಾಳಿ ಹೇಳಲೇಬೇಕೆಂಬ ನಿಯಮವಿಲ್ಲ, ಹೇಳಬಾರದೆಂದೂ ಇಲ್ಲ. ತೀರ್ಪುಗಾರ ಮಾತ್ರ ಬಾಯಿ ತೆರೆಯುವಂತಿಲ್ಲ.

“ನಾನು ತೀರ್ಪುಗಾರ, ಸುಮ್ಮನಿರಲೇಬೇಕಿತ್ತು,” ಎಂದರು. “ನೀನು ತಮ್ಮ.”

ಫಲಿತಾಂಶ ಬದಲಾಗುವುದಿಲ್ಲ, ಸಹಿ ಬಿದ್ದಿದೆ ಎಂದರು. ನನಗೆ ಆ ಕುರ್ಚಿ ಬೇಡ, ಅಕ್ಕನನ್ನು ಕಳಿಸಿ ಎಂದೆ. ನೀನು ಬಿಟ್ಟುಕೊಟ್ಟದ್ದನ್ನು ಅವರು ತೆಗೆದುಕೊಳ್ಳುತ್ತಾರೆಂದು ನಿನಗೆ ಯಾರು ಹೇಳಿದರು ಎಂದು ಕೇಳಿದರು. ಕೊನೆಗೆ ತಾವೇ ಆಸ್ಪತ್ರೆಗೆ ಹೋಗಿ ಅಕ್ಕನ ಜೊತೆ ಮಾತಾಡಿ ಬಂದರು. ಅವನೇ ಬಂದು ಹೇಳಿದನಾ ಎಂದು ಅಕ್ಕ ಒಂದೇ ಮಾತು ಕೇಳಿದಳಂತೆ. ಹೌದು ಎಂದಮೇಲೆ, ಪಂದ್ಯ ಯಾವ ತಾರೀಕು, ಡ್ಯೂಟಿ ಬದಲಾಯಿಸಿಕೊಳ್ಳಬೇಕು ಎಂದಳಂತೆ.

ಪಂದ್ಯ ನಡೆದದ್ದು ಬೇರೆ ಊರಿನಲ್ಲಿ, ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ. ನೀನೂ ಬಾ ಎಂದು ಅಕ್ಕ ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ನಾನು ಹೋದೆ. ನೋಡುವವರಿಗೆ ಹಗ್ಗ ಕಟ್ಟಿ ಹಿಂದೆ ಬೆಂಚು ಹಾಕಿದ್ದರು. ನೋಡುವವರು ಆಟಗಾರರಿಗೆ ಏನನ್ನೂ ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಮಾಡಿದರೆ ಅವರ ತಂಡಕ್ಕೇ ಪೆಟ್ಟು. ಬಾಗಿಲಲ್ಲಿ ಮೇಷ್ಟ್ರು ಇದನ್ನು ಎಲ್ಲರಿಗೂ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ನಾಲ್ಕನೇ ಹಲಗೆಯಲ್ಲಿ ಅಕ್ಕನ ಎದುರು ಕೂತದ್ದು ದಪ್ಪ ಕುತ್ತಿಗೆಯ, ಉಗುರುಗಳಲ್ಲಿ ಗ್ರೀಸಿನ ಕಪ್ಪು ಉಳಿದಿದ್ದ ಒಬ್ಬ ಮೆಕ್ಯಾನಿಕ್. ಅವನೂ ಹೊಸಬನೇ. ಕಾಯಿ ಇಟ್ಟಮೇಲೂ ಬೆರಳು ತೆಗೆಯದೆ ಇನ್ನೊಮ್ಮೆ ಹಲಗೆ ನೋಡುತ್ತಿದ್ದ, ಅವನಿಗೂ ಗೆಲ್ಲಬೇಕೆಂಬ ಆಸೆ ಎದ್ದು ಕಾಣುತ್ತಿತ್ತು. ಅಕ್ಕ ಮೊದಲ ಇಪ್ಪತ್ತು ನಡೆ ತಪ್ಪದೆ ಒತ್ತಿದಳು. ನಡೆಸಿ, ಒತ್ತಿ, ಬರೆದು. ನಾನು ಪ್ರತಿ ಸಲವೂ ಉಸಿರು ಹಿಡಿದು ಬಿಡುತ್ತಿದ್ದೆ. ಆಮೇಲೆ ಆಟ ಬಿಗಿಯಾಯಿತು. ಅಕ್ಕ ಬಹಳ ಯೋಚಿಸಿ ಕುದುರೆಯನ್ನು ಹಲಗೆಯ ನಡುವಿನ ಮನೆಗೆ ತಂದಳು. ಪೆನ್ನು ತೆಗೆದುಕೊಂಡಳು, ಬರೆದಳು. ಗೋಡೆ ನೋಡಿ ಹೊತ್ತು ಬರೆದಳು. ಪೆನ್ನು ಕೆಳಗಿಟ್ಟು ಕೈ ಕಟ್ಟಿಕೊಂಡಳು.

ಅವಳ ಮುಳ್ಳು ಓಡುತ್ತಲೇ ಇತ್ತು. ನನ್ನ ಬಾಯಿಯಲ್ಲಿ ಆ ಎರಡು ಮಾತು ಸಿದ್ಧವಾಗಿ ನಿಂತಿದ್ದವು. ಹೇಳಬಹುದಾಗಿದ್ದ ದಿನ ನುಂಗಿದ್ದೆ. ಈ ದಿನ ಹೇಳಿದರೆ ಅವಳೇ ಸೋಲುತ್ತಾಳೆ. ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಮೆಕ್ಯಾನಿಕ್ ಹಲಗೆ ನೋಡಿದ. ಗಡಿಯಾರ ನೋಡಿದ. ಅರ್ಧ ನಿಮಿಷವೂ ಆಗಿರಲಿಲ್ಲ. ಆ ಕಪ್ಪು ಉಗುರಿನ ಬೆರಳಿನಿಂದ ಗಡಿಯಾರದ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ ತೋರಿಸಿದ.

“ಮೇಡಂ, ನಿಮ್ಮ ಟೈಮ್ ಹೋಗ್ತಿದೆ.”

ಅಕ್ಕ ಒತ್ತಿದಳು. ಅವನು ತಲೆ ತಗ್ಗಿಸಿ ತನ್ನ ಯೋಚನೆಗೆ ಹೋದ, ಹೇಳುವಂಥದ್ದೇನೂ ನಡೆದಿಲ್ಲವೆಂಬಂತೆ. ನನ್ನ ಪಕ್ಕದಲ್ಲಿದ್ದ ಯಾರಿಗೂ ಅದು ವಿಶೇಷವೆನಿಸಲಿಲ್ಲ. ನಾನು ಮಾತ್ರ ಕಿವಿ ಬಿಸಿಯಾಗಿ ನೆಲ ನೋಡುತ್ತ ಕೂತೆ.

ಆ ಆಟ ಅಕ್ಕ ಸೋತಳು. ಹೊರಗೆ ಬಂದಾಗ ಮುಖ ತುಂಬ ಖುಷಿಯಿತ್ತು. ಕೊನೆಯವರೆಗೂ ಹೊಡೆದಾಡಿದೆ, ಸೋಲು ಗೊತ್ತಾದಮೇಲೂ ಹದಿನೈದು ನಡೆ ಎಳೆದೆ ಎಂದು ಮೇಷ್ಟ್ರಿಗೆ ಹೇಳಿದಳು. ಆಮೇಲೆ ನನ್ನ ಹತ್ತಿರ ಬಂದು, ಅದೇ ಉಮೇದಿನಲ್ಲಿ, “ಆ ಮನುಷ್ಯ ಎಷ್ಟು ಒಳ್ಳೆಯವನು ನೋಡು, ನಾನು ಒತ್ತೋದು...” ಎಂದವಳು ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸಿದಳು.

ಕೈಚೀಲದ ಜಿಪ್ಪು ಎಳೆದಳು, ಮತ್ತೆ ಮುಚ್ಚಿದಳು. ಆಮೇಲೆ ನನ್ನ ತೋಳು ಹಿಡಿದು, ಬೆಳಿಗ್ಗೆಯಿಂದ ಏನಾದರೂ ತಿಂದೆಯೋ ಇಲ್ಲವೋ ಎಂದು ಕೇಳಿದಳು.